ಜೇನಿಗೆ ಹೇಳಿದ ಹೆಸರು

೨೦೦೭ರಲ್ಲಿ ಪರದೇಶದ ಕ್ಲೇಟನ್ ಊರಿನಲ್ಲಿ ನನಗೆ ರೂಮು ಬಾಡಿಗೆ ಕೊಟ್ಟಿದ್ದ ಮೋರಾಗ್ ಆಂಟಿ ಸ್ಕಾಟ್ಲೆಂಡಿನ ಹಳ್ಳಿಯವರು. ಮನೆಯಲ್ಲಿ ಸಾವಾದರೆ ಜೇನುಪೆಟ್ಟಿಗೆ ತಟ್ಟಿ ಸತ್ತವರ ಹೆಸರು ಹೇಳುವುದು ಅವರ ಕಡೆಯ ಪದ್ಧತಿ.

ಅವರ ಮಗ ಆಸ್ಪತ್ರೆಯಲ್ಲಿ ಸಾಯಲು ಬಿದ್ದಿದ್ದ. ಆ ಮಧ್ಯಾಹ್ನ ಹಿತ್ತಲಿನ ಪೆಟ್ಟಿಗೆಗೆ ಕಪ್ಪು ಬಟ್ಟೆ ಕಟ್ಟಿತ್ತು. ಸುಡುಬಿಸಿಲಲ್ಲೂ ಅದರ ಮುಚ್ಚಳ ತಣ್ಣಗೆ ಕೊರೆಯುತ್ತಿತ್ತು.

"ಅಯ್ಯೋ, ಮಗ ಹೋಗ್ಬಿಟ್ರಾ ಆಂಟಿ?"

"ಇಲ್ಲ. ಅವನ ಬದಲು ಚಿನ್ಮಯಿ ಸತ್ತಳು ಅಂತ ಜೇನುಗಳಿಗೆ ಹೇಳ್ದೆ."

"ನನ್ನ ಹೆಸರಾ? ಮಗಳೇ ಮಗಳೇ ಅಂತಿದ್ರಲ್ಲ!"

"ಅದಕ್ಕೇ ಅವು ನಂಬಿದ್ದು."

ಇವರ ಮನೆಯ ಕಸ ಬಳಿದದ್ದು ಸಾಲದೆ ಸಾವನ್ನೂ ನಾನೇ ಹೊರಬೇಕಿತ್ತೇ!

ಅಷ್ಟರಲ್ಲಿ ಫೋನು ಬಂತು, ನಾನೇ ಎತ್ತಿದೆ. ಮಗ ಎದ್ದು ಕೂತಿದ್ದಾನೆ, ಆದರೆ ಅವನಾಡುವ ಭಾಷೆ ಯಾರಿಗೂ ತಿಳಿಯುತ್ತಿಲ್ಲವೆಂದು ನರ್ಸ್ ಹೇಳಿದಳು. ಅವಳ ಹಿಂದಿನಿಂದ, ಕನ್ನಡದ ಒಂದಕ್ಷರವೂ ಬಾರದಿದ್ದ ಅವನ ದನಿ ನಮ್ಮ ಮಂಡ್ಯದ ಮಾತಿನಲ್ಲಿ ಕೇಳಿಸಿತು:

"ಅವ್ವೋ, ಒಸಿ ನೀರ್ ಕೊಡವ್ವ."