ಗುಳುಮುಳುಕಕ್ಕೆ ಕೊಟ್ಟ ಗಡುವು

ಮೊದಲ ದಿನವೇ ಅವನು ಅವಳ ಕೆನ್ನೆ ನೋಡಿ ನಕ್ಕುಬಿಟ್ಟ. ಅವಳಿಗೆ ಮೈಯೆಲ್ಲ ಉರಿಯಿತು.

"ಕಣ್ಣಿಗೆ ಹಚ್ಚೋ ಕಾಡಿಗೆ ಕೆನ್ನೆಗೆ ಇಳಿದಿದೆ," ಎಂದ.

"ಇದು ಹಚ್ಚೋ ಕಾಡಿಗೆ ಅಲ್ಲ, ಕಾಡಿಗೆ ರೋಗ. ಗಿಡ ತಿನ್ನೋ ಶಿಲೀಂಧ್ರ," ಎಂದು ಅವಳು ಕಪ್ಪು ಪುಡಿ ಒರೆಸಿಕೊಂಡಳು.

ಅವಳು ಬೆಳೆರೋಗದ ಇನ್ಸ್‌ಪೆಕ್ಟರ್. ಅವನು ಕೆರೆಯ ಹಕ್ಕಿ ಎಣಿಸುವವನು. ದಂಡೆಯ ಮೇಲಿನ ಆಫೀಸಿನಲ್ಲಿ ಇಬ್ಬರಿಗೂ ಒಂದೇ ಮೇಜು. ಕಬ್ಬಿಗೂ ಹರಡುವ ಆ ರೋಗ ಕೆರೆಯ ಜೊಂಡಿಗೆ ತಗುಲಿತ್ತು. ಅದೇ ಜೊಂಡಿನ ನಡುವೆ ಗುಳುಮುಳುಕ ಹಕ್ಕಿಗಳು ತೇಲುವ ಗೂಡು ಕಟ್ಟಿ ಮೊಟ್ಟೆಯಿಟ್ಟಿದ್ದವು. ಜೊಂಡು ಕಡಿಸುವ ಆದೇಶಕ್ಕೆ ಅವಳ ಸಹಿಯೊಂದೇ ಬಾಕಿ.

"ನಿಮ್ಮ ರೋಗ ಗಾಳಿ ಬೀಸಿದ ಕಡೆ ಹೋಗಿ ಮನೆ ಹಾಳು ಮಾಡುತ್ತೆ. ನನ್ನ ಹಕ್ಕಿ ಪಾಪ, ಯಾರ ತಂಟೆಗೂ ಹೋಗಲ್ಲ," ಎನ್ನುತ್ತಿದ್ದ.

"ನನ್ನದು ಹಿಡಿದರೆ ಬಿಡಲ್ಲ ರೀ. ನಿಮ್ಮದು ಹತ್ತಿರ ಹೋದರೆ ಮುಳುಗಿ ಇನ್ನೆಲ್ಲೋ ಏಳುತ್ತೆ. ಯಾವುದನ್ನ ನಂಬೋದು?"

ಅವನು ಅವಳ ಕಣ್ಣನ್ನೇ ನೋಡಿದ. ಅವಳು ಮೈಕ್ರೋಸ್ಕೋಪಿಗೆ ಬಗ್ಗಿದಳು, ಏನೂ ಕಾಣಿಸಲಿಲ್ಲ.

ಸಂಜೆ ದೋಣಿಯಲ್ಲಿ ಕರೆದೊಯ್ದು ಗೂಡು ತೋರಿಸಿದ. ಬೈನಾಕ್ಯುಲರ್ ಕೊಡುವಾಗ ಬೆರಳು ತಾಗಿತು, ಯಾರೂ ತೆಗೆಯಲಿಲ್ಲ.

"ಮರಿ ಹೊರಬರೋಕೆ ಇಪ್ಪತ್ತೊಂದು ದಿನ ಬೇಕು, ಅಲ್ಲೀತನಕ ತಡಿ. ನನಗೋಸ್ಕರ."

'ನೀವು' ಹೋಗಿ 'ನೀನು' ಬಂದದ್ದಕ್ಕೇ ಅವಳು ಕರಗಿ ನೀರಾದಳು. ಕೆರೆಯಾಚೆ ಅಣ್ಣನ ಕಬ್ಬಿನ ಗದ್ದೆಯಿದೆ ಎಂದು ಗೊತ್ತಿದ್ದೂ ಪೆನ್ನು ಮುಚ್ಚಿಟ್ಟಳು.

ಮರಿಗಳು ತಾಯ ಬೆನ್ನೇರಿ ನೀರಿಗಿಳಿದ ದಿನ ಎರಡು ಲೋಟ ಚಹಾ ಹಿಡಿದು ಓಡಿಬಂದಳು. ಅವನು ಬ್ಯಾಗು ತುಂಬುತ್ತಿದ್ದ.

"ಎಲ್ಲಿಗೆ?"

"ಇಲ್ಲಿ ಕೆಲಸ ಮುಗೀತು."

"ಮತ್ತೆ ನಾನು?"

ಅವನು ಜಿಪ್ ಎಳೆದ. "ನಿನ್ನ ಸಹಿ ತಡೀಬೇಕಿತ್ತು. ಬೇರೆ ದಾರಿ ಹೊಳೀಲಿಲ್ಲ."

"ಒಂದು ದಿನವೂ ನಾನು ಇಷ್ಟ ಆಗಲಿಲ್ವಾ?"

"ಬೇಜಾರಂತೂ ಆಗಲಿಲ್ಲ," ಎಂದ, ಸಮಾಧಾನ ಹೇಳುವವನಂತೆ.

ಅವಳು ಅಂದೇ ಸಹಿ ಹಾಕಿದಳು. ಕಾಲ ಮಿಂಚಿತ್ತು. ಎರಡು ತಿಂಗಳಿಗೆ ಅಣ್ಣನ ಕಬ್ಬಿನ ಸುಳಿಗಳಲ್ಲಿ ಚಾಟಿಯಂಥ ಕಪ್ಪು ಕಡ್ಡಿಗಳೆದ್ದವು.

ಬುಡಸಮೇತ ಕೀಳುತ್ತಿದ್ದ ಅಣ್ಣ ತಲೆಯೆತ್ತಲಿಲ್ಲ. "ಗೊತ್ತಿದ್ದೂ ಯಾಕೆ ತಡ ಮಾಡಿದೆ?"

"ಒಬ್ಬರು ಕೇಳಿಕೊಂಡರು."

ಅಣ್ಣನ ಕೈ ನಿಂತಿತು. "ಮದುವೆ ಆಗ್ತಾನಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ಅಣ್ಣ ಖಾಲಿ ಗೋಣಿಚೀಲವೊಂದನ್ನು ಅವಳ ಕಾಲ ಬಳಿ ಎಸೆದ.

"ಹಾಗಾದ್ರೆ ಆ ಸಾಲು ನಿಂದು. ಕೀಳು."