ಹಿಂದೆ ಎರಡು ಫೂಟು ಜಾಗ

ಗೋಕಾಕದ ಅಂಗಡಿಯಲ್ಲಿ ನಾನು ಅವನನ್ನು ಸೇಲ್ಸ್‌ಮನ್ ಅಂದುಕೊಂಡಿದ್ದೆ. ಇಸ್ತ್ರಿ ಅಂಗಿ ತೊಟ್ಟು, ಕಂಪ್ಯೂಟರ್ ಮಷಿನ್ ಇಡುವ ಕಬ್ಬಿಣದ ಕಪಾಟಿನಂಥ ರ‍್ಯಾಕುಗಳ ನಡುವೆ ಕೈಕಟ್ಟಿ ನಿಂತವನನ್ನು ಇನ್ನೇನು ಅಂದುಕೊಳ್ಳಬೇಕು?

"ಇದರ ಹಿಂದಿನ ಬಾಗಲಾ ತಗದು ತೋರಸ್ರಿ," ಎಂದೆ.

ತೆಗೆದು ತೋರಿಸಿದ. ಇನ್ನೊಂದರದೂ ತೆಗೆಸಿದೆ. ಅಷ್ಟರಲ್ಲಿ ಅಂಗಡಿಯ ಮಾಲೀಕರು ಓಡಿಬಂದು, "ಗುರುಪಾದ್ ಸರ್, ನೀವ್ಯಾಕ ಮಾಡಾಕತ್ತೀರಿ?" ಎಂದರು.

ನನ್ನ ಮುಖ ಸುಟ್ಟಂತಾಯಿತು. ಮೂಡಲಗಿಯ ಪತ್ತಿನ ಸಂಘದಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ, ಫೋನಿನಲ್ಲಷ್ಟೇ ಮಾತಾಡಿದ್ದ ನನ್ನ ಗಿರಾಕಿ ಅವನೇ. ನಾನು ಹುಕ್ಕೇರಿಯ ಯಶೋಧರಾ, ಅವರ ನೆಟ್‌ವರ್ಕ್ ಜೋಡಿಸುವ ಕೆಲಸ ಹಿಡಿದು, ಅದಕ್ಕೆ ಬೇಕಾದ ರ‍್ಯಾಕು ಆರಿಸಲು ಬಂದವಳು.

"ಮೊದಲ ಹೇಳಬಾರದೇನ್ರಿ?"

"ನೀವು ಹೇಳೂದು, ನಾ ಮಾಡೂದು, ಛಲೋ ನಡದಿತ್ತಲ್ರಿ." ತುಟಿ ಬಿಗಿಹಿಡಿದಿದ್ದ. ಕಣ್ಣು ಮಾತ್ರ ನಗುತ್ತಿತ್ತು.

ಅವನಿಗೆ ಗಾಜಿನ ಬಾಗಿಲಿನ ರ‍್ಯಾಕು ಹಿಡಿಸಿತ್ತು. "ಒಳಗಿನ ಮಷಿನ್‌ಗಳಿಗೆ ಗಾಳಿ ಬೇಕ್ರಿ, ತೂತಿನ ಬಾಗಲದ್ದ ತಗೋರಿ," ಎಂದೆ.

"ತೂತಿಂದು ಚಂದ ಕಾಣಂಗಿಲ್ರಿ."

"ನೀವೇನ ಅದರ ಜೋಡಿ ಮದಿವಿ ಆಗ್ತೀರೇನು?"

"ಅದರ ಜೋಡಿ ಇಲ್ಲ," ಎಂದವನು ತಾನೇ ಕೆಂಪಾಗಿ, ಬೆಲೆ ಕೇಳುವ ನೆಪದಲ್ಲಿ ಆಚೆ ಹೋದ.

ಕೇಬಲ್ ಎಳೆಯುವ ಕೆಲಸ ಮುಗಿಯುವಷ್ಟರಲ್ಲಿ 'ರಿ' ಬಿಟ್ಟು 'ನೀ' ಎನ್ನುವಷ್ಟಾಗಿದ್ದೆವು. ಅವರದು ನಿತ್ಯ ಬಸವಣ್ಣನ ವಚನ ಹೇಳುವ ಮನೆ, ನಮ್ಮದು ಬುದ್ಧನಿಗೆ ಕೈಮುಗಿಯುವ ಮನೆ. ಕೇಳಲು ಬಹಳ ಹತ್ತಿರ, ಮದುವೆಯ ಮಾತಿಗೆ ಬಹಳ ದೂರ. ಅವನನ್ನು ಸಾಕಿದ ಕಾಕಾ ಪರಪ್ಪನವರೇ ಸಂಘದ ಅಧ್ಯಕ್ಷರು. "ರ‍್ಯಾಕು ಕುಂತ ಮ್ಯಾಲ ಕಾಕಾಗ ನಮ್ಮ ವಿಷಯ ಹೇಳ್ತೇನಿ," ಎಂದಿದ್ದ.

ರ‍್ಯಾಕು ಬಂದ ದಿನ ಪರಪ್ಪನವರು ಅದನ್ನು ಹಳೆಯ ತಿಜೋರಿಯ ಜಾಗಕ್ಕೇ ತಳ್ಳಿಸಿದರು. "ಲಕ್ಷ್ಮಿ ಇದ್ದ ಜಾಗಾ. ಬೆನ್ನು ಗ್ವಾಡಿಗೆ ಹತ್ತಿರಬೇಕು, ಮುಖ ಉತ್ತರಕ್ಕ."

"ಕಾಕಾರ, ಇದು ತಿಜೋರಿ ಅಲ್ರಿ. ಬಿಸಿ ಗಾಳಿ ಹಿಂದಿಂದ ಹೊರಗ ಬರತೈತಿ. ಹಿಂದ ಎರಡು ಫೂಟರ ಬಿಡ್ರಿ."

"ನಿಂದು ವಾಯರಿನ ಕೆಲಸ. ಅಷ್ಟ ನೋಡವಾ."

ನಾನು ಗುರುಪಾದನತ್ತ ನೋಡಿದೆ. ಎಲ್ಲವನ್ನೂ ಅವನಿಗೆ ಮೊದಲೇ ತಿಳಿಸಿ ಹೇಳಿದ್ದೆ. ಅವನು ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಿದ್ದ. ರ‍್ಯಾಕು ಗೋಡೆಗೆ ಅಂಟಿ ನಿಂತಿತು.

ಮೆಟ್ಟಿಲ ಬಳಿ ಅವನನ್ನು ಹಿಡಿದು ನಿಲ್ಲಿಸಿದೆ. "ಒಂದು ಕಬ್ಬಿಣದ ಪೆಟಗಿ ಸಲುವಾಗಿ ಎರಡು ಫೂಟು ಕೇಳಾಕ ಆಗಲಿಲ್ಲ ನಿನಗ. ನನ್ನ ಸಲುವಾಗಿ ಏನ ಕೇಳ್ತಿ?"

"ಸ್ವಲ್ಪ ಟೈಮ್ ಕೊಡು, ಯಶು."

ಕೊಟ್ಟೆ. ಕೊಡದೆ ಇರಲು ನನ್ನಿಂದಾಗುತ್ತಿರಲಿಲ್ಲ.

ಬೇಸಿಗೆ ಏರಿದಂತೆ ರ‍್ಯಾಕಿನೊಳಗಿನ ನೆಟ್‌ವರ್ಕ್ ಸ್ವಿಚ್ಚುಗಳು ಕಾದು ಬಂದ್ ಬೀಳತೊಡಗಿದವು, ಸಂಘದ ಕಂಪ್ಯೂಟರುಗಳೂ ನಿಂತವು. ಕೌಂಟರಿನ ಮುಂದೆ ಜನ ಬಯ್ಯತೊಡಗಿದರು. ಆಗ ಒಂದು ಬೆಳಿಗ್ಗೆ ಅವನ ಫೋನು. "ಲಗೂನ ಬಾ! ರ‍್ಯಾಕು ಮುಂದ ಸರಸೇವಿ. ಕಾಕಾಗ ನಾನ ಹೇಳಿದ್ನಿ."

ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಕನ್ನಡಿ ಕಂಡಲ್ಲೆಲ್ಲ ಕೂದಲು ಸರಿಮಾಡಿಕೊಂಡೆ. ಇದನ್ನು ಹೇಳಿದವನು ಇನ್ನೊಂದನ್ನೂ ಹೇಳಿಯಾನು ಎಂದು ದಾರಿಯುದ್ದಕ್ಕೂ ನನ್ನಷ್ಟಕ್ಕೆ ನಾನೇ ನಕ್ಕೆ.

ರ‍್ಯಾಕಿನ ಹಿಂದೆ ನಿಜವಾಗಿಯೂ ಜಾಗವಿತ್ತು. ಪರಪ್ಪನವರು ಬಂದು ಹೆಮ್ಮೆಯಿಂದ ಹೇಳಿದರು: "ನೋಡವಾ, ಹಿಂದ ಜಾಗಾ ಬಿಡಬೇಕಂತ ಬೆಳಗಾವಿಯ ದೊಡ್ಡ ಎಂಜಿನಿಯರ್ ಸಾಹೇಬ್ರು ಹೇಳ್ಯಾರ. ನಮ್ಮ ಗುರು ಕೇಳ್ಕೊಂಡು ಬಂದಾನ. ಇಂಥಾವೆಲ್ಲಾ ನೀನೂ ಕಲ್ಕೋಬೇಕು."

ಅವರು ಹೊರಗೆ ಹೋದ ಮೇಲೆ ಕೇಳಿದೆ, "ಯಾರು ಆ ಎಂಜಿನಿಯರ್?"

"ಯಾರೂ ಇಲ್ಲ. ನಿನ್ನ ಹೆಸರು ಹೇಳಿದ್ರ ಕಾಕಾ ಕೇಳ್ತಿರಲಿಲ್ಲ. ಕೆಲಸ ಆತಲ್ಲ?"

ಅವನ ಮುಖ ಹಬ್ಬದ ದಿನದಂತೆ ಬೆಳಗುತ್ತಿತ್ತು. ಬಯ್ಯಲು ಬಾಯಿ ಬರಲಿಲ್ಲ. ಹಿಂದೆ ಹೋಗಿ ತಂತಿಗಳನ್ನು ಒಪ್ಪವಾಗಿ ಕಟ್ಟತೊಡಗಿದೆ. ಅವನು ಟಾರ್ಚ್ ಹಿಡಿದು ಪಕ್ಕಕ್ಕೆ ಬಂದ, ಭುಜಕ್ಕೆ ಭುಜ ತಾಗಿತು. ಎಷ್ಟು ಇಷ್ಟವಾಗುತ್ತಿತ್ತು ಅವನು ಹಾಗೆ ಹತ್ತಿರ ನಿಂತರೆ! ಆಗಲೂ ಇಷ್ಟವಾಯಿತು.

"ಇನ್ನ ನಾ ಬರಂಗಿಲ್ಲ, ಗುರು. ನನ್ನ ಜೋಡಿ ಕೆಲಸಾ ಮಾಡೋ ಸುಶಾಂತನ್ನ ಕಳಸ್ತೇನಿ."

"ಸಿಟ್ಟಿಗೆದ್ದಿ?"

"ಸಿಟ್ಟಾಗಿದ್ರ ಇಳೀತಿತ್ತು. ನಿನಗ ನಾ ಬೇಕು, ನನ್ನ ಹೆಸರು ಬ್ಯಾಡ. ಇವತ್ತ ರ‍್ಯಾಕಿಗೆ ಬ್ಯಾಡಾತು, ನಾಳೆ ಮನಿಯಾಗೂ ಬ್ಯಾಡಾಗತೈತಿ."

ಅವನು ಟಾರ್ಚ್ ಕೆಳಗಿಳಿಸಿದ. "ನೀ ಹೇಳಂದ್ರ ಈಗ ಹೋಗಿ ಹೇಳ್ತೇನಿ."

ನಾನು ಹೇಳು ಎನ್ನಲಿಲ್ಲ. ಅವನಾಗಿಯೇ ಹೋಗಲಿ ಎಂದು, ಕಟ್ಟಿದ ತಂತಿಯನ್ನೇ ಮತ್ತೆ ಬಿಚ್ಚಿ ಕಟ್ಟುತ್ತಾ ಕಾದೆ. ಅವನು ನಿಂತಲ್ಲೇ ನಿಂತಿದ್ದ.

"ಗುರು, ಊಟಕ್ಕ ಬಾರೋ!" ಪರಪ್ಪನವರು ಹೊರಗಿನಿಂದ ಕೂಗಿದರು.

"ಬಂದ್ನಿ ಕಾಕಾ," ಎಂದ. ಅದಕ್ಕೆ ಅವನು ಒಂದು ಕ್ಷಣವೂ ತಡಮಾಡಲಿಲ್ಲ.

ಅವನ ಮೇಲಿನ ಪ್ರೀತಿ ಅಲ್ಲಿಗೇ ತೀರಿದ್ದರೆ, ಹುಕ್ಕೇರಿಯ ದಾರಿ ನನಗೆ ಅಷ್ಟು ಉದ್ದವಾಗುತ್ತಿರಲಿಲ್ಲ.