ಎರಡು ಬೆರಳು ಎಡಕ್ಕೆ ಹೊಡೆಯುವ ನಳಿಗೆ

ಏಳು ಬೆಟ್ಟಗಳಾಚೆ, ನಮ್ಮ ಅಜ್ಜಂದಿರ ಅಜ್ಜಂದಿರಿಗೂ ನೆನಪಿಲ್ಲದಷ್ಟು ಹಿಂದೆ, ಮಂಜಾಲಿ ಎಂಬ ರಾಜ್ಯವಿತ್ತು. ಪದುಮಲದೇವಿ ಎಂಬ ರಾಣಿ ಅದನ್ನು ಆಳುತ್ತಿದ್ದಳು. ಮಳೆ ಬೆಳೆ ಚೆನ್ನಾಗಿತ್ತು, ಜನರಿಗೆ ಹೊಟ್ಟೆ ತುಂಬ ಊಟವಿತ್ತು. ಆದರೆ ಅಮಾವಾಸ್ಯೆ ಹತ್ತಿರ ಬಂತೆಂದರೆ ನಾಡಿಗೆ ನಾಡೇ ನಡುಗುತ್ತಿತ್ತು.

ಅದಕ್ಕೆ ಕಾರಣ ಕರಿಜಟಿ ಎಂಬ ಮಂತ್ರವಾದಿ. ಸಿಂಹಾಸನ ತನಗೆ ಬೇಕೆಂದು ಅವನು ಗವಿಗುಡ್ಡದ ತುದಿಯಲ್ಲಿ ಒಂದು ಕಂಚಿನ ಹಕ್ಕಿಯನ್ನು ಕೂರಿಸಿದ್ದ. ಅಮಾವಾಸ್ಯೆಯ ನಡುಮಧ್ಯಾಹ್ನ ಅದು ಕೊಕ್ಕು ತೆರೆದು ಒಮ್ಮೆ ಕೂಗುತ್ತಿತ್ತು. ಕೂಗು ಕೇಳಿದವರು ನಿಂತಲ್ಲೇ ಕಲ್ಲಾಗುತ್ತಿದ್ದರು. ಕಿವಿಗೆ ಮೇಣ ತುಂಬಿಕೊಂಡರೂ ಉಳಿಗಾಲವಿರಲಿಲ್ಲ, ಕೂಗು ಎದೆಯೊಳಗೇ ಕೇಳುತ್ತಿತ್ತು. ನಾಡು ಬಿಟ್ಟು ಓಡಿದವರನ್ನು ಗಡಿಯ ಮಂಜು ಮತ್ತೆ ಒಳಕ್ಕೆ ತಳ್ಳುತ್ತಿತ್ತು. ತಿಂಗಳಿಂದ ತಿಂಗಳಿಗೆ ಕೂಗು ಇನ್ನೊಂದು ಊರಿನವರೆಗೆ ಹಬ್ಬುತ್ತಿತ್ತು. ಹೀಗೆ ಹನ್ನೊಂದು ಊರು ಕಲ್ಲಾದವು. ಹನ್ನೆರಡನೆಯದು ರಾಜಧಾನಿ.

ಒಂದು ಹದ್ದು ಗುಡ್ಡದ ಮೇಲೆ ಹಾರಿ ಬಂದು ರಾಣಿಗೆ ಗುಟ್ಟು ಹೇಳಿತು. ಹಕ್ಕಿಯ ಗಂಟಲಲ್ಲಿ ಗುಲಗಂಜಿಯಷ್ಟೇ ಪುಟ್ಟ ಕೆಂಪು ಕಲ್ಲಿದೆ, ಅದು ಒಡೆದರೆ ಮಾಯೆ ಮುಗಿಯುತ್ತದೆ. ಕೊಕ್ಕು ತೆರೆದು ಕೂಗು ಹೊರಡುವುದರೊಳಗೆ, ಒಂದೇ ಉಸಿರಿನಷ್ಟು ಹೊತ್ತಿನಲ್ಲಿ, ಕಣಿವೆಯ ಈಚೆಯಿಂದ ಹೊಡೆಯಬೇಕು. ಹಿಂದೆ ಬಿಲ್ಲುಗಾರರು ಹೋಗಿದ್ದರು. ಅವರ ಗುರಿ ಎಲ್ಲಿದೆಯೆಂದು ಕರಿಜಟಿಗೆ ದೂರದಿಂದಲೇ ಕಾಣುತ್ತಿತ್ತು. ಅವನು ಕೈ ಎತ್ತಿದರೆ ಹಕ್ಕಿ ತಲೆಯನ್ನು ರೆಕ್ಕೆಯಡಿ ಅಡಗಿಸುತ್ತಿತ್ತು, ಬಾಣಗಳು ಕಂಚಿಗೆ ತಾಗಿ ಬೀಳುತ್ತಿದ್ದವು. ಆ ಬಿಲ್ಲುಗಾರರೂ ಕಣಿವೆಯಂಚಿನಲ್ಲಿ ಕಲ್ಲಾಗಿ ನಿಂತಿದ್ದರು.

ರಾಣಿ ಈ ಸಲ ಚಾಗವ್ವೆಯನ್ನು ಕರೆಸಿದಳು. ಹೊಲ ತುಳಿಯುವ ಕಾಡುಹಂದಿಗಳನ್ನು ಕೋವಿ ಹಿಡಿದು ಓಡಿಸುವುದು ಅವಳ ಕೆಲಸ. ಅವಳ ಗಂಡ ಕೇತಣ್ಣ ಮೂರನೆಯ ಊರಿನಲ್ಲಿ ಕಲ್ಲಾಗಿದ್ದ. ಬಾವಿಕಟ್ಟೆಯ ಪಕ್ಕ ನಿಂತಿದ್ದ ಅವನ ಮೈಮೇಲಿನ ಪಾಚಿಯನ್ನು ಅವಳು ವಾರಕ್ಕೊಮ್ಮೆ ಹೋಗಿ ಒರೆಸಿ ಬರುತ್ತಿದ್ದಳು. ತನ್ನ ಹಳೆಯ ಕೋವಿಯ ನಳಿಗೆ ಸವೆದಿದೆ, ಹಂದಿಗೆ ಸಾಕು, ಗುಲಗಂಜಿಗೆ ಸಾಲದು ಎಂದು ಅವಳು ಹೇಳಿದಳು. ನಾಡಿನಲ್ಲಿ ಹೆಸರಾದ ನಳಿಗೆ ಕಮ್ಮಾರರು ಮೂವರಿದ್ದರು. ಯಾರದು ಉತ್ತಮವೆಂದು ನೀನೇ ಪರೀಕ್ಷಿಸಿ ಆರಿಸು ಎಂದಳು ರಾಣಿ. ಅಮಾವಾಸ್ಯೆಗೆ ಇಪ್ಪತ್ತೊಂದು ದಿನ ಉಳಿದಿತ್ತು.

ಚಾಗವ್ವೆ ಕೋವಿಯ ಒಂದೇ ಮರದ ಹಿಡಿ, ಒಂದೇ ಗಡಿಗೆಯ ಸಿಡಿಮದ್ದು, ಒಂದೇ ತೂಕದ ಗುಂಡುಗಳನ್ನು ಚೀಲಕ್ಕೆ ಹಾಕಿಕೊಂಡಳು. ಮೂವರ ನಳಿಗೆಗೂ ಇವೇ ಆಗಬೇಕು, ಇಲ್ಲದಿದ್ದರೆ ಹೋಲಿಸಿ ನೋಡಿದ್ದಕ್ಕೆ ಅರ್ಥವಿಲ್ಲ ಎಂಬುದು ಅವಳ ಲೆಕ್ಕ.

ಮೊದಲು ರಾಜಧಾನಿಯ ರತ್ನಾಚಾರಿಯ ಬಳಿ ಹೋದಳು. ಅವನ ನಳಿಗೆಯ ಮೇಲೆ ಬೆಳ್ಳಿಯ ಬಳ್ಳಿ ಹಬ್ಬಿತ್ತು, ಮುಟ್ಟಿದರೆ ಅದರ ಹೂಗಳು ಅರಳುತ್ತಿದ್ದವು. ಚಾಗವ್ವೆ ನಳಿಗೆಯನ್ನು ಬಿಸಿಲಿಗೆ ಹಿಡಿದು ಒಳಗೆ ನೋಡಿದಳು. ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು ಥಳಥಳ ಹೊಳೆಯುತ್ತಿದ್ದವು. ಎಣ್ಣೆ ಹಚ್ಚಿದ ಗುಂಡನ್ನು ಕೋಲಿನಿಂದ ಮೆಲ್ಲಗೆ ತಳ್ಳಿದಳು. ನಡುವೆ ಒಂದು ಕಡೆ ಅದು ಸಡಿಲವಾಗಿ ಜಾರಿದಂತಾಯಿತು. ನೂರು ಹೆಜ್ಜೆ ದೂರದ ಹಲಗೆಗೆ ಹತ್ತು ಗುಂಡು ಹೊಡೆದಳು. ಮೊದಲ ಎರಡು ನಟ್ಟನಡುವೆ ಬಿದ್ದವು. ನಳಿಗೆ ಕಾದ ಹಾಗೆ ಉಳಿದವು ಮೇಲಕ್ಕೊಂದು, ಕೆಳಕ್ಕೊಂದು ಚೆದುರಿದವು. ಮೊದಲ ಗುಂಡು ನಟ್ಟಿತಲ್ಲ, ಅದೇ ಸಾಲದೇ ಎಂದು ರತ್ನಾಚಾರಿ ನಕ್ಕ. ಅಮಾವಾಸ್ಯೆಯ ಬಿಸಿಲಲ್ಲಿ ಗಂಟೆಗಟ್ಟಲೆ ಕಾದು ಮಲಗಬೇಕಾದವಳು ತಾನು, ನಳಿಗೆಯೂ ತನ್ನೊಡನೆ ಕಾಯುತ್ತದೆ ಎಂದು ಚಾಗವ್ವೆ ಹೇಳಿ, ನಮಸ್ಕರಿಸಿ ಹೊರಟಳು.

ಆರು ದಿನ ನಡೆದು ಬೆಂಕಿಕೊಳ್ಳಕ್ಕೆ ಬಂದಳು. ಅಲ್ಲಿ ಕಿಡಿಮುಖ ಎಂಬ ಕುಳ್ಳ ರಾಕ್ಷಸನಿದ್ದ. ಅವನು ಸಾಕಿದ ಉಡವೊಂದು ನಳಿಗೆಯೊಳಗೆ ಬೆಂಕಿಯ ನಾಲಿಗೆ ಚಾಚಿ ನೆಕ್ಕುತ್ತಿತ್ತು, ಗೆರೆಗಳು ತಾವೇ ಮೂಡುತ್ತಿದ್ದವು. ಒಳಗೆ ನೋಡಿದರೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಗುಂಡು ಬೆಣ್ಣೆಯಲ್ಲಿ ಇಳಿದಂತೆ ಒಂದೇ ಸಮ ಇಳಿಯಿತು. ಹಲಗೆಗೆ ಹೊಡೆದರೆ ಒಂಬತ್ತು ಗುಂಡುಗಳೂ ಒಂದೇ ತೂತಿನಲ್ಲಿ ಹೋದವು. ಚಾಗವ್ವೆಯ ಎದೆ ಹಗುರಾಯಿತು. ಹತ್ತನೆಯದನ್ನು ಹೊಡೆಯುವಾಗ ಹೊತ್ತೇರಿತ್ತು, ಅವಳಿಗೆ ಹಸಿವಾಗಿತ್ತು. ಗುಂಡು ಹಲಗೆಯ ಕಡೆ ಹೋದದ್ದು ಗಾಳಿಯಲ್ಲೇ ತಿರುಗಿ ಬಂದು, ಹಿಂದೆ ಮರಕ್ಕೆ ತೂಗುಹಾಕಿದ್ದ ಅವಳ ಬುತ್ತಿಗಂಟನ್ನು ಸೀಳಿಕೊಂಡು ಹೋಯಿತು.

ರಾಕ್ಷಸ ಹೆಮ್ಮೆಯಿಂದ ವಿವರಿಸಿದ. ಇದು ಕಣ್ಣಿನ ಗುರಿಗಲ್ಲ, ಮನಸ್ಸಿನ ಗುರಿಗೆ ಹೊಡೆಯುವ ನಳಿಗೆ. ನೀನು ಏನನ್ನು ನೆನೆಯುತ್ತೀಯೋ ಅಲ್ಲಿಗೇ ಹೋಗುತ್ತದೆ.

ಗುಡ್ಡದ ಮುಂದೆ ಮಲಗಿದಾಗ ತಾನು ಯಾರನ್ನು ನೆನೆಯುತ್ತೇನೆಂಬುದು ಚಾಗವ್ವೆಗೆ ಗೊತ್ತಿತ್ತು. ಕೇತಣ್ಣನ ಕಲ್ಲಿನ ಎದೆ ಕಣ್ಣ ಮುಂದೆ ಬಂತು. ನಳಿಗೆಯನ್ನು ಕಳಚಿ ಅವನ ಕೈಗೇ ಕೊಟ್ಟಳು.

ಇನ್ನು ಉಳಿದವಳು ಹುಲ್ಲುಗಾವಲಿನ ಅಂಚಿನ ತುಳಜಕ್ಕ. ಗಿರಾಕಿಗಳೊಂದಿಗೆ ಜಗಳವಾಡುವವಳೆಂದು ಹೆಸರಾದವಳು. ಹೊಸ ನಳಿಗೆಗೆ ನಲವತ್ತು ದಿನ ಬೇಕು, ಒಂದು ದಿನ ಕಡಿಮೆಯಾದರೂ ಮಾಡುವುದಿಲ್ಲ ಎಂದುಬಿಟ್ಟಳು. ಚಾಗವ್ವೆ ಅಲ್ಲೇ ನೆಲದ ಮೇಲೆ ಕುಳಿತಳು. ಎರಡು ವಾರ ನಡೆದ ಕಾಲುಗಳು ಮತ್ತೆ ಏಳಲಿಲ್ಲ. ತುಳಜಕ್ಕ ಅವಳಿಗೆ ಅಂಬಲಿ ಕೊಟ್ಟು, ಒಳಗಿನಿಂದ ಒಂದು ಬೋಳು ನಳಿಗೆ ತಂದಿಟ್ಟಳು.

"ಇದೊಂದು ಉಳಿದಿದೆ. ಆದರೆ ದೋಷವಿದೆ. ನೂರು ಹೆಜ್ಜೆಗೆ ಎರಡು ಬೆರಳು ಎಡಕ್ಕೆ ಹೊಡೆಯುತ್ತದೆ. ಅದಕ್ಕೇ ಮಾರಿಲ್ಲ."

ಚಾಗವ್ವೆ ಪರೀಕ್ಷೆಗೆ ಕುಳಿತಳು. ಒಳಗೆ ಹೊಳಪಿರಲಿಲ್ಲ, ಆದರೆ ಗೆರೆಗಳು ಸಮವಾಗಿದ್ದವು. ಗುಂಡು ಮೊದಲಿಂದ ಕೊನೆಯವರೆಗೆ ಒಂದೇ ಬಿಗಿಯಲ್ಲಿ ಇಳಿಯಿತು. ತಣ್ಣಗಿದ್ದಾಗ ಐದು ಹೊಡೆದಳು. ಐದೂ ಎರಡು ಬೆರಳು ಎಡಕ್ಕೆ. ಕಾದ ಮೇಲೆ ಐದು ಹೊಡೆದಳು. ಐದೂ ಎರಡು ಬೆರಳು ಎಡಕ್ಕೆ, ಮೊದಲಿನ ಗುಂಡುಗಳ ಮೇಲೆಯೇ. ಹಸಿದುಕೊಂಡು ಹೊಡೆದಳು, ಕೇತಣ್ಣನನ್ನು ನೆನೆದು ಅಳುತ್ತಾ ಹೊಡೆದಳು. ಅಷ್ಟೇ ಎಡಕ್ಕೆ, ಅಷ್ಟೇ. ಹಲಗೆಯನ್ನು ಮುನ್ನೂರು ಹೆಜ್ಜೆಗೆ ಒಯ್ದು ನೆಟ್ಟಳು. ಕಣಿವೆಯ ಅಗಲವೂ ಅಷ್ಟೇ ಇತ್ತು. ಅಲ್ಲಿ ಸರಿಯಾಗಿ ಆರು ಬೆರಳು ಎಡಕ್ಕೆ ಬಿತ್ತು.

"ಅಕ್ಕಾ, ಇದು ಸುಳ್ಳು ಹೇಳುವುದಿಲ್ಲ. ಇದೇ ನನಗೆ ಬೇಕು," ಎಂದಳು.

ಅಮಾವಾಸ್ಯೆಯ ಬೆಳಿಗ್ಗೆ ಅವಳು ಕಣಿವೆಯಂಚಿನಲ್ಲಿ, ಕಲ್ಲಾದ ಬಿಲ್ಲುಗಾರರ ನಡುವೆ ಬೋರಲಾಗಿ ಮಲಗಿದಳು. ಬಿಸಿಲೇರಿತು. ನಳಿಗೆ ಕೆನ್ನೆ ಸುಡುವಷ್ಟು ಕಾಯಿತು. ಗಾಳಿ ನಿಂತಿತ್ತು. ಆಚೆ ಗುಡ್ಡದ ಮೇಲೆ ಕರಿಜಟಿ ಬಂದು ಹಕ್ಕಿಯ ಪಕ್ಕ ನಿಂತ. ಅವಳ ಕೋವಿಯ ನೇರ ನೋಡಿದ. ಗುರಿ ಹಕ್ಕಿಯ ಮೇಲಿರಲಿಲ್ಲ, ಅದರ ಬಲಗಡೆಯ ಬರಿಯ ಆಕಾಶಕ್ಕಿತ್ತು. ಇಂಥವಳನ್ನೂ ಕಳಿಸಿದರಲ್ಲ ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕೈ ಎತ್ತಲೇ ಇಲ್ಲ.

ನೆರಳುಗಳು ಕಾಲಡಿಗೆ ಬಂದವು. ಹಕ್ಕಿ ಕೊಕ್ಕು ತೆರೆಯಿತು, ಕೆಂಪು ಚುಕ್ಕೆ ಮಿಂಚಿತು. ಚಾಗವ್ವೆಯ ಮೈಯೆಲ್ಲ ಕೋವಿಯನ್ನು ಹಕ್ಕಿಯ ನೇರಕ್ಕೆ ತಿರುಗಿಸು ಎಂದು ಕೂಗಿಕೊಂಡಿತು. ಖಾಲಿ ಆಕಾಶಕ್ಕೆ ಜೀವ ಒತ್ತೆಯಿಡುವುದು ಸುಲಭವಲ್ಲ. ಅವಳು ಹಲಗೆಯ ಮೇಲಿನ ತೂತುಗಳನ್ನು ನೆನೆದಳು, ಕೋವಿಯನ್ನು ಆರು ಬೆರಳು ಬಲಕ್ಕೇ ಹಿಡಿದಳು, ಅದರ ಕುದುರೆ ಎಳೆದು ಗುಂಡು ಹಾರಿಸಿದಳು.

ಕೂಗು ಹೊರಡಲಿಲ್ಲ. ಗಾಜು ಒಡೆದಂಥ ಸಣ್ಣ ಸದ್ದಾಯಿತು. ಕಂಚಿನ ಹಕ್ಕಿ ಹಸಿರು ಕಿಲುಬಿನ ಪುಡಿಯಾಗಿ ಉದುರಿತು. ಕರಿಜಟಿಯ ನಗು ಬಾಯಲ್ಲೇ ನಿಂತು, ಕಾಲಿನಿಂದ ಮೇಲಕ್ಕೆ ಹೊಗೆಯಾಗುತ್ತಾ ಅವನು ಇಲ್ಲವಾದ.

ಪಕ್ಕದ ಬಿಲ್ಲುಗಾರನೊಬ್ಬ ಸೀನಿದ. ಆಮೇಲೆ ಇನ್ನೊಬ್ಬ ಮೈಮುರಿದ. ಚಾಗವ್ವೆ ಕೋವಿಯನ್ನು ಹೆಗಲಿಗೇರಿಸಿ, ದಾರಿಯುದ್ದಕ್ಕೂ ಎಚ್ಚರಗೊಳ್ಳುತ್ತಿದ್ದ ಊರುಗಳನ್ನು ದಾಟಿ, ಎಲ್ಲೂ ನಿಲ್ಲದೆ ಮೂರನೆಯ ಊರಿಗೆ ಓಡಿದಳು. ಕೇತಣ್ಣ ಬಾವಿಕಟ್ಟೆಯ ಮೇಲೆ ಕುಳಿತು ಕೊಡಕ್ಕೇ ಬಾಯಿಟ್ಟು ನೀರು ಕುಡಿಯುತ್ತಿದ್ದ. ಅವಳನ್ನು ಕಂಡು ಕೊಡ ಕೆಳಗಿಟ್ಟ. ಅವಳು ಅವನ ಬೆಚ್ಚನೆಯ ಎದೆಯ ಮೇಲೆ ಕೈಯಿಟ್ಟುಕೊಂಡು ಕುಳಿತಳು.

ರಾಣಿ ಹನ್ನೆರಡು ಊರಿಗೂ ಊಟ ಹಾಕಿಸಿದಳು. ನಳಿಗೆ ಮಾಡುವವರು ಅದರ ಗುಣದ ಜೊತೆ ದೋಷವನ್ನೂ ಹೇಳಿಯೇ ಕೊಡಬೇಕೆಂದು ಆಜ್ಞೆ ಹೊರಡಿಸಿದಳು. ತುಳಜಕ್ಕ ಊಟದ ಪಂಕ್ತಿಯಲ್ಲೇ ಪಾಯಸ ತೆಳ್ಳಗಾಯಿತೆಂದು ಜಗಳ ತೆಗೆದಳು. ಹನ್ನೊಂದು ತಿಂಗಳ ಮೇಲೆ ಜಗಳದ ಸದ್ದು ಕೇಳಿದ ಜನ ಎಲೆಯ ಮುಂದೆ ಕುಳಿತಲ್ಲೇ ಮನಸಾರೆ ನಕ್ಕರು. ಆಮೇಲಿನ ಅಮಾವಾಸ್ಯೆಗಳು ಆ ನಾಡಿನಲ್ಲಿ ಬೇರೆ ದಿನಗಳಂತೆಯೇ ಬಂದು ಹೋದವು, ಎಲ್ಲರೂ ಸುಖವಾಗಿ ಬಾಳಿದರು.